ಮೈಕೊ ಪ್ಲಗ್‌ನಿಂದ ಲ್ಯಾಂಬ್ಡಾವರೆಗೆ: ಬೈಕಿನ ಗಾಳಿ-ಪೆಟ್ರೋಲ್ ಲೆಕ್ಕದ ಕಥೆ

ಪುಣೆಯಲ್ಲಿರೋರಿಗೆ ‘ಎಆರ್‌ಎಐ ಟೇಕಡಿ’ ಗೊತ್ತಿರುತ್ತೆ. ಕೋಥ್ರೂಡ್ ಕಡೆಯ ಜನ ಬೆಳಗ್ಗೆ ವಾಕಿಂಗ್ ಹೋಗೋ ಗುಡ್ಡ. ಅದರ ಹಳೆಯ ಹೆಸರು ವೇತಾಳ ಟೇಕಡಿ. ಆದರೆ 1966ರಲ್ಲಿ ಹುಟ್ಟಿದ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಅನ್ನೋ ಸಂಸ್ಥೆ ಆ ಗುಡ್ಡದಲ್ಲೇ ಇರೋದ್ರಿಂದ ಜನರ ಬಾಯಲ್ಲಿ ಗುಡ್ಡಕ್ಕೂ ಸಂಸ್ಥೆಯ ಹೆಸರೇ ಅಂಟಿಕೊಂಡಿದೆ. ನಮ್ಮ ದೇಶದ ಗಾಡಿಗಳ ಹೊಗೆಯಲ್ಲಿ ಏನಿದೆ, ಎಷ್ಟಿದೆ ಅಂತ ಅಳೆದು ‘ಪಾಸ್’ ಅಥವಾ ‘ಫೇಲ್’ ಅನ್ನೋ ದೊಡ್ಡ ಜಾಗಗಳಲ್ಲಿ ಅದೂ ಒಂದು.

ಅದೇ ಗುಡ್ಡದ ಕೆಳಗೆ, ಒಂದು ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ನಮ್ಮ ತಂದೆಯ ಯೆಜ್ಡಿ ರೋಡ್‌ಕಿಂಗ್ ನಿಂತಿದೆ. ಅದರ ಹ್ಯಾಂಡಲ್ ಮೇಲೆ ಈಗ 52 ಮಿಲಿಮೀಟರಿನ ಒಂದು ದುಂಡು ಗೇಜ್ ಇದೆ. ಅದು ತೋರಿಸೋದು ಒಂದೇ ಸಂಖ್ಯೆ, ಎಂಜಿನ್ ಒಳಗೆ ಹೋದ ಗಾಳಿಗೂ ಪೆಟ್ರೋಲಿಗೂ ಇರುವ ಅನುಪಾತ. ಗುಡ್ಡದ ಮೇಲಿನ ಲ್ಯಾಬಿನಲ್ಲಿ ದೊಡ್ಡ ಯಂತ್ರಗಳು ಮಾಡೋ ಕೆಲಸದ ಒಂದು ಸಣ್ಣ ತುಂಡನ್ನ ಅದು ಹ್ಯಾಂಡಲ್ ಮೇಲೆ ಮಾಡ್ತಾ ಇದೆ.

ಇವತ್ತಿನ ಮಾತು ಆ ಸಂಖ್ಯೆ ಹ್ಯಾಂಡಲ್‌ವರೆಗೆ ಹೇಗೆ ಬಂತು ಅನ್ನೋದು. ಯಾವ ಗೇಜ್ ತಗೋಬೇಕು, ಎಲ್ಲಿ ಕೂರಿಸಬೇಕು ಅಂತಾನೂ ಹೇಳ್ತೀನಿ. ಆದರೆ ಅದಕ್ಕೆ ಮೊದಲು ಚರಿತ್ರೆ ಬೇಕು. ಯಾಕಂದ್ರೆ ಚರಿತ್ರೆ ಗೊತ್ತಿಲ್ಲದೆ ಗೇಜ್ ಹಾಕಿದವನು ಆ ಸಂಖ್ಯೆಯನ್ನ ನಂಬಿಬಿಡ್ತಾನೆ. ನಾನೂ ನಂಬಿ ಕೆಟ್ಟಿದ್ದೆ.

ಮೊದಲು ಲೆಕ್ಕ

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಇದಕ್ಕಿಂತ ಕಡಿಮೆ ಇದ್ದರೆ ಮಿಶ್ರಣ ‘ರಿಚ್’, ಹೆಚ್ಚಿದ್ದರೆ ‘ಲೀನ್’. ಆದರೆ 14.7ರಲ್ಲಿ ಎಂಜಿನ್ ಸಂತೋಷವಾಗಿರುತ್ತೆ ಅಂತ ಅರ್ಥ ಅಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ಹೆಚ್ಚು ಶಕ್ತಿ ಸಿಗೋದು 12.5ರಿಂದ 13.2ರ ಆಸುಪಾಸಿನಲ್ಲಿ. ಆ ಹೆಚ್ಚುವರಿ ಪೆಟ್ರೋಲ್ ಉರಿಯುವ ಕೋಣೆಯನ್ನ ತಣ್ಣಗೂ ಇಡುತ್ತೆ. ಗಾಳಿಯಿಂದಲೇ ತಣಿಯಬೇಕಾದ ನಮ್ಮ ಹಳೆಯ ಬೈಕುಗಳಿಗೆ ಇದು ಜೀವನ್ಮರಣದ ಪ್ರಶ್ನೆ. ಟೂ-ಸ್ಟ್ರೋಕ್ ಎಂಜಿನ್ನನ್ನ ಲೀನ್ ಓಡಿಸಿದರೆ ಪಿಸ್ಟನ್ ಬಿಸಿಯಾಗಿ ಉಬ್ಬಿ ಸಿಲಿಂಡರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ನಮ್ಮ ಕಡೆ ‘ಸೀಜ್ ಆಯ್ತು’ ಅಂತಾರಲ್ಲ, ಅದೇ. ಹೈವೇಯಲ್ಲಿ 80ರ ವೇಗದಲ್ಲಿ ಹಿಂದಿನ ಚಕ್ರ ದಿಢೀರ್ ಲಾಕ್ ಆದರೆ ಸವಾರನ ಗತಿ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

1893ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಮೇಬಾಕ್ ಪೆಟ್ರೋಲನ್ನ ಸಣ್ಣ ತೂತಿನಿಂದ ಸಿಂಪಡಿಸೋ ಕಾರ್ಬ್ಯುರೇಟರ್ ಮಾಡಿದ. ಅಲ್ಲಿಂದ ಶುರುವಾಗಿ ನೂರು ವರ್ಷಕ್ಕೂ ಹೆಚ್ಚು ಕಾಲ ಈ ಅನುಪಾತವನ್ನ ನಿರ್ಧರಿಸಿದ್ದು ಹಿತ್ತಾಳೆಯ ಒಂದು ಜೆಟ್‌ನ ತೂತು. ಕಾರ್ಬ್ಯುರೇಟರ್ ಮಿಶ್ರಣ ಮಾಡುತ್ತೆ, ಆದರೆ ಏನು ಮಾಡಿದೆ ಅಂತ ಹೇಳೋದಿಲ್ಲ. ಅಡುಗೆ ಮಾಡುತ್ತೆ, ರುಚಿ ನೋಡಲ್ಲ. ಆ ರುಚಿ ನೋಡೋ ಕೆಲಸ ಯಾರ ಕೈಯಲ್ಲಿತ್ತು ಅನ್ನೋದೇ ಈ ಕಥೆ.

ಆಕಾಶದಲ್ಲಿ ಹಾರಿದ ಗೇಜ್

ಈ ಅನುಪಾತವನ್ನ ಓಡ್ತಾ ಓಡ್ತಾನೇ ಅಳೆಯುವ ಅವಸರ ಮೊದಲು ಬಂದದ್ದು ವಿಮಾನದವರಿಗೆ. ಅಲ್ಲಿ ಪೆಟ್ರೋಲ್ ಮುಗಿದರೆ ಬದಿಗೆ ನಿಲ್ಲಿಸೋಕೆ ಆಗಲ್ಲ. 1930ರ ದಶಕದಲ್ಲಿ ಕೇಂಬ್ರಿಜ್ ಹೆಸರಿನ ಎಕ್ಸಾಸ್ಟ್ ಗ್ಯಾಸ್ ಅನಲೈಸರ್ ವಿಮಾನಗಳಿಗೆ ಬಂತು. ಹೊಗೆ ಎಷ್ಟು ಚೆನ್ನಾಗಿ ಶಾಖವನ್ನ ಸಾಗಿಸುತ್ತೆ ಅಂತ ಅದು ನೋಡ್ತಿತ್ತು. ಮಿಶ್ರಣ ರಿಚ್ ಆದಷ್ಟೂ ಹೊಗೆಯಲ್ಲಿ ಹೈಡ್ರೋಜನ್ ಹೆಚ್ಚುತ್ತೆ, ಹೈಡ್ರೋಜನ್ ಶಾಖವನ್ನ ಬೇಗ ಸಾಗಿಸುತ್ತೆ, ಅದರಿಂದ ಅನುಪಾತ ಲೆಕ್ಕ ಹಾಕಬಹುದು.

ಅಮೀಲಿಯಾ ಇಯರ್‌ಹಾರ್ಟ್ ಭೂಮಿ ಸುತ್ತೋಕೆ ಹೊರಟ ಲಾಕ್‌ಹೀಡ್ ಎಲೆಕ್ಟ್ರಾ ವಿಮಾನದಲ್ಲಿ ಇಂಥದ್ದೇ ಅನಲೈಸರ್ ಇತ್ತು. ದೂರದ ಹಾರಾಟಕ್ಕೆ ಆಕೆಗೆ ಸಲಹೆ ಕೊಟ್ಟ ಲಾಕ್‌ಹೀಡ್‌ನ ಎಂಜಿನಿಯರ್ ಕೆಲ್ಲಿ ಜಾನ್ಸನ್ ಕೇಂಬ್ರಿಜ್ ಮುಳ್ಳನ್ನ 0.072ರ ಆಸುಪಾಸಿನಲ್ಲಿ ಇಡೋಕೆ ಹೇಳಿದ್ದ. ಅವರು ಪೆಟ್ರೋಲನ್ನ ಗಾಳಿಯಿಂದ ಭಾಗಿಸ್ತಿದ್ದರು. ತಿರುಗಿಸಿದರೆ ನಮ್ಮ ಲೆಕ್ಕದಲ್ಲಿ ಅದು ಸುಮಾರು 13.9. 1937ರ ಜೂನ್‌ನಲ್ಲಿ ಆ ವಿಮಾನ ಕರಾಚಿಯಿಂದ ಕಲ್ಕತ್ತಾಗೆ ಹಾರಿತು. ಅಂದ್ರೆ ನಮ್ಮ ಬೈಕುಗಳಿಗೆ ಬರೋಕೆ ಎಷ್ಟೋ ದಶಕ ಮೊದಲೇ ಇಂಥ ಒಂದು ಗೇಜ್ ನಮ್ಮ ನೆತ್ತಿಯ ಮೇಲೆ ಹಾದುಹೋಗಿತ್ತು. ಆದರೆ ಅದಕ್ಕೂ ಒಂದು ಐಬಿತ್ತು. ಮಿಶ್ರಣ ತೀರಾ ಲೀನ್ ಆದರೆ ಮುಳ್ಳು ತಪ್ಪು ದಿಕ್ಕಿಗೆ ತಿರುಗ್ತಿತ್ತು. ಈ ಮಾತು ನೆನಪಿರಲಿ, ಮತ್ತೆ ಬರುತ್ತೆ.

ಆಡುಗೋಡಿಯ ಗೇಜ್

ಈಗ ನಮ್ಮೂರಿಗೆ ಬರೋಣ. 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದ್ರೆ ಮೈಕೊ, ಶುರುವಾಯ್ತು. ಆಡುಗೋಡಿಯ ಮೈಕೊ. ಬಾಷ್ ಕಂಪನಿಯ ಸಹಯೋಗ, 2008ರಿಂದ ಹೆಸರೂ ಬಾಷ್. ಡೀಸೆಲ್ ಪಂಪ್‌ಗಳ ಜೊತೆಗೆ ಅಲ್ಲಿ ಸ್ಪಾರ್ಕ್ ಪ್ಲಗ್ ಆಗ್ತಿತ್ತು. ಹತ್ತು ವರ್ಷದ ನಂತರ, 1961ರಲ್ಲಿ, ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯಿಂದ ಬೈಕುಗಳು ಹೊರಬರೋಕೆ ಶುರುವಾಯ್ತು. ಮೊದಲು ಜಾವಾ, 70ರ ದಶಕದಿಂದ ಯೆಜ್ಡಿ.

ಈ ಎರಡು ಕಾರ್ಖಾನೆ ಸೇರಿ ಕನ್ನಡನಾಡಿನ ಮೆಕ್ಯಾನಿಕ್‌ಗಳಿಗೆ ಮೊದಲ ಗೇಜ್ ಕೊಟ್ಟವು ಅಂತ ನಾನು ಹೇಳೋದು. ಅದು ಪ್ಲಗ್ಗಿನ ಬಣ್ಣ. ಮೆಕ್ಯಾನಿಕ್ ಪ್ಲಗ್ ಬಿಚ್ಚಿ, ಅದರ ಬಿಳಿ ಪಿಂಗಾಣಿಯ ತುದಿ ನೋಡ್ತಿದ್ದ. ಕಾಫಿ ಬಣ್ಣ ಇದ್ದರೆ ಸರಿ. ಮಸಿ ಇದ್ದರೆ ರಿಚ್. ಸುಣ್ಣದ ಹಾಗೆ ಬೆಳ್ಳಗಿದ್ದರೆ ಲೀನ್, ಇವತ್ತೇ ಜೆಟ್ ಬದಲಾಯಿಸಿ. ರೇಸಿನವರು ಇದನ್ನ ಇನ್ನೂ ಕರಾರುವಾಕ್ಕಾಗಿ ಮಾಡೋರು. ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ಒಮ್ಮೆಲೇ ಕ್ಲಚ್ ಹಿಡಿದು ಇಗ್ನಿಷನ್ ಕಟ್ ಮಾಡಿ, ಬೈಕು ನಿಂತ ಮೇಲೆ ಪ್ಲಗ್ ನೋಡೋದು. ಇದಕ್ಕೆ ‘ಪ್ಲಗ್ ಚಾಪ್’ ಅಂತ ಹೆಸರು. ಹಾಗೆ ಮಾಡಿದರೆ ಐಡಲ್‌ನ ಮಸಿ ಕೂರಲ್ಲ, ಆ ಥ್ರಾಟಲ್‌ನ ಬಣ್ಣವೇ ಉಳಿಯುತ್ತೆ.

ಇದರ ಜೊತೆಗೆ ಮೂಗು, ಕಿವಿ. ಸೈಲೆನ್ಸರಿನ ತುದಿಯಲ್ಲಿ ಬೆರಳಾಡಿಸಿ ಜಿಡ್ಡು ನೋಡೋದು. ಆಮೇಲೆ ಸಮುದ್ರ ಮಟ್ಟದ ಲೆಕ್ಕ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಪುಣೆ ಸುಮಾರು 560. ಎತ್ತರ ಹೋದಷ್ಟೂ ಗಾಳಿ ತೆಳುವಾಗುತ್ತೆ, ಕಾರ್ಬ್ಯುರೇಟರಿಗೆ ಅದು ಗೊತ್ತಾಗಲ್ಲ. ಮಂಗಳೂರಿನಲ್ಲಿ ಸರಿಯಾಗಿ ಜೆಟ್ ಮಾಡಿದ ಬೈಕು ಬೆಂಗಳೂರಿಗೆ ಹತ್ತಿದರೆ ನಾಲ್ಕೈದು ಪ್ರತಿಶತ ರಿಚ್ ಆಗುತ್ತೆ. ಘಟ್ಟ ಇಳಿಯೋವಾಗ ಬೈಕು ‘ಹಗುರಾಗಿ’ ಓಡುತ್ತೆ ಅಂತ ಹಳಬರು ಹೇಳೋದ್ರಲ್ಲಿ ಇಳಿಜಾರಿನ ಪಾಲೂ ಇದೆ, ಈ ಲೆಕ್ಕದ ಪಾಲೂ ಇದೆ.

ಆಗ ಅಳತೆ ಇದ್ದದ್ದು ಮೆಕ್ಯಾನಿಕ್‌ನ ಕಣ್ಣಿನಲ್ಲಿ. ಅವನ ಕಣ್ಣು ಚೆನ್ನಾಗಿದ್ದರೆ ನಿಮ್ಮ ಪಿಸ್ಟನ್ ಉಳೀತಿತ್ತು. ಅವನು ಅಂಗಡಿ ಮುಚ್ಚಿದರೆ ಆ ಜ್ಞಾನವೂ ಹೋಯ್ತು.

ಅಳತೆ ಸರ್ಕಾರದ ಕೈಗೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 115ನೇ ನಿಯಮ ಹೊಗೆಯ ಬಗ್ಗೆ ಮಾತಾಡುತ್ತೆ. ಐಡಲ್‌ನಲ್ಲಿ ದ್ವಿಚಕ್ರ ವಾಹನದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ 4.5 ಪ್ರತಿಶತ ಮೀರಬಾರದು ಅನ್ನೋ ಮಿತಿ ಬಂತು. ಪಿಯುಸಿ ಬೂತಿನಲ್ಲಿ ಸೈಲೆನ್ಸರಿಗೆ ಕೊಳವೆ ತೂರಿಸ್ತಾರಲ್ಲ, ಅದು ಇದೇ. 2000ದ ನಂತರದ ಗಾಡಿಗಳಿಗೆ ಮಿತಿ 3.5 ಆಯ್ತು. ಕಾರ್ಬನ್ ಮಾನಾಕ್ಸೈಡ್ ಹೆಚ್ಚು ಅಂದ್ರೆ ಮಿಶ್ರಣ ರಿಚ್ ಅಂತ ಅರ್ಥ. ಹಾಗಾಗಿ ಪಿಯುಸಿ ಯಂತ್ರ ಕೂಡ ಒಂದು ಅನುಪಾತದ ಗೇಜೇ, ಐಡಲ್‌ನಲ್ಲಿ ಮಾತ್ರ.

ಹೊಸ ಗಾಡಿಗಳಿಗೆ ಮಿತಿ ಇನ್ನೂ ಬಿಗಿ. 1996ರಲ್ಲಿ ದ್ವಿಚಕ್ರ ವಾಹನಕ್ಕೆ ಕಿಲೋಮೀಟರಿಗೆ 4.5 ಗ್ರಾಂ ಕಾರ್ಬನ್ ಮಾನಾಕ್ಸೈಡ್, 2000ದಲ್ಲಿ 2 ಗ್ರಾಂ, 2005ರಲ್ಲಿ 1.5, 2010ರಲ್ಲಿ 1. ಮೈಸೂರಿನ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಯಮಹಾ ಆರ್‌ಎಕ್ಸ್ 100 ನಿಂತಿದ್ದೂ ಅದೇ ವರ್ಷ. ಯೆಜ್ಡಿಗೆ ಹೊಗೆಯ ನಿಯಮ ಒಂದೇ ಕಾರಣ ಅಲ್ಲ, ಆರ್ಥಿಕ ತೊಂದರೆಗಳೂ ಇದ್ದವು. ಆದರೆ ಉರಿಯದ ಪೆಟ್ರೋಲನ್ನ ಎಣ್ಣೆ ಜೊತೆ ಹೊರಗೆ ಬಿಡೋ ಹಳೆಯ ಟೂ-ಸ್ಟ್ರೋಕಿಗೆ ಈ ಸಂಖ್ಯೆಗಳ ಮುಂದೆ ಭವಿಷ್ಯ ಇರಲಿಲ್ಲ.

ಒಂದು ಬೆರಳಿನಷ್ಟು ಸೆರಾಮಿಕ್

ಇತ್ತ ಬೇರೆ ಕಡೆ ಇನ್ನೊಂದು ಕೆಲಸ ನಡೀತಿತ್ತು. ಜಿರ್ಕೋನಿಯಾ ಅನ್ನೋ ಸೆರಾಮಿಕ್‌ಗೆ ಸ್ವಲ್ಪ ಯಿಟ್ರಿಯಾ ಬೆರೆಸಿ ಕಾಯಿಸಿದರೆ ಅದರೊಳಗೆ ಆಕ್ಸಿಜನ್ ಅಯಾನುಗಳು ಓಡಾಡ್ತವೆ. ಒಂದು ಬದಿ ಹೊರಗಿನ ಗಾಳಿ, ಇನ್ನೊಂದು ಬದಿ ಹೊಗೆ ಇಟ್ಟರೆ ಎರಡೂ ಕಡೆಯ ಆಕ್ಸಿಜನ್ ವ್ಯತ್ಯಾಸಕ್ಕೆ ತಕ್ಕಂತೆ ವೋಲ್ಟೇಜ್ ಹುಟ್ಟುತ್ತೆ. ಬಾಷ್ ಇದನ್ನ ‘ಲ್ಯಾಂಬ್ಡಾ ಸೆನ್ಸರ್’ ಮಾಡಿತು. 1976ರಲ್ಲಿ ವೋಲ್ವೋ ತನ್ನ ಅಮೆರಿಕದ ಕಾರುಗಳಲ್ಲಿ ಹಾಕಿತು, ಮುಖ್ಯವಾಗಿ ಕ್ಯಾಲಿಫೋರ್ನಿಯಾದ ಕಟ್ಟುನಿಟ್ಟಿನ ನಿಯಮಕ್ಕೆ ತಲೆಬಾಗಿ. ಲ್ಯಾಂಬ್ಡಾ ಅಂದ್ರೆ ಏನು? ನಿಮ್ಮ ಅನುಪಾತವನ್ನ ಸರಿಯಾದ ಅನುಪಾತದಿಂದ ಭಾಗಿಸಿದರೆ ಬರೋ ಸಂಖ್ಯೆ. 1 ಅಂದ್ರೆ ಸರಿಸಮ, 0.9 ಅಂದ್ರೆ ರಿಚ್, 1.1 ಅಂದ್ರೆ ಲೀನ್.

ಈ ಮೊದಲ ತಲೆಮಾರನ್ನ ನ್ಯಾರೋಬ್ಯಾಂಡ್ ಅಂತಾರೆ. ರಿಚ್ ಇದ್ದರೆ 0.8-0.9 ವೋಲ್ಟ್, ಲೀನ್ ಇದ್ದರೆ 0.1ರ ಹತ್ತಿರ, ಮಧ್ಯೆ 0.45ರಲ್ಲಿ ಧುಮುಕುತ್ತೆ. ಹೆಚ್ಚುಕಡಿಮೆ ಒಂದು ಸ್ವಿಚ್ಚು. ‘ಹೆಚ್ಚಾಯ್ತು’, ‘ಕಡಿಮೆಯಾಯ್ತು’ ಅನ್ನುತ್ತೆ, ಎಷ್ಟು ಅಂತ ಹೇಳಲ್ಲ. ಕಂಪ್ಯೂಟರಿಗೆ ಅಷ್ಟು ಸಾಕು. ಟ್ಯೂನ್ ಮಾಡೋನಿಗೆ ಸಾಲದು, ಯಾಕಂದ್ರೆ ಅವನಿಗೆ ಬೇಕಾದ 12.8 ಆ ಸ್ವಿಚ್ಚಿನ ವ್ಯಾಪ್ತಿಯಲ್ಲೇ ಇಲ್ಲ.

90ರ ದಶಕದಲ್ಲಿ ವೈಡ್‌ಬ್ಯಾಂಡ್ ಬಂತು. 1992ರ ಹೋಂಡಾ ಸಿವಿಕ್ ವಿಎಕ್ಸ್‌ನಲ್ಲಿ ಎನ್‌ಟಿಕೆ ಸೆನ್ಸರ್ ಇತ್ತು, ಆಮೇಲೆ ಬಾಷ್‌ನದ್ದೂ ಬಂತು. ಇದರಲ್ಲಿ ಎರಡು ಕೋಶ. ಒಂದು ನೋಡುತ್ತೆ, ಇನ್ನೊಂದು ಆಕ್ಸಿಜನ್ನನ್ನ ಒಳಗೆ ಅಥವಾ ಹೊರಗೆ ಪಂಪ್ ಮಾಡಿ ಮಧ್ಯದ ಸಣ್ಣ ಕೋಣೆಯನ್ನ ಯಾವಾಗಲೂ ಲ್ಯಾಂಬ್ಡಾ 1ರಲ್ಲಿ ಇಡುತ್ತೆ. ಹಾಗೆ ಇಡೋಕೆ ಎಷ್ಟು ಕರೆಂಟ್ ಬೇಕಾಯ್ತು ಅನ್ನೋದೇ ಉತ್ತರ. ಸಾಫ್ಟ್‌ವೇರ್‌ನವರಿಗೆ ಅರ್ಥವಾಗೋ ಹಾಗೆ ಹೇಳೋದಾದ್ರೆ, ಫೀಡ್‌ಬ್ಯಾಕ್ ಲೂಪಿನ ಎರರ್ ಬದಲು ಅದರ ಕಂಟ್ರೋಲ್ ಸಿಗ್ನಲ್ ಓದೋದು.

ನಮ್ಮ ದೇಶಕ್ಕೆ ಇದೆಲ್ಲ ತಡವಾಗಿ ಬಂದದ್ದಕ್ಕೆ ಒಂದು ಸರಳ ಕಾರಣ ಇದೆ, ಸೀಸ. ಸೀಸ ಬೆರೆತ ಪೆಟ್ರೋಲ್ ಈ ಸೆನ್ಸರಿನ ಪ್ಲಾಟಿನಂ ಪದರಕ್ಕೆ ವಿಷ. 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಸೀಸರಹಿತ ಪೆಟ್ರೋಲ್ ಬಂತು, ದೇಶದಾದ್ಯಂತ 2000ದ ಫೆಬ್ರವರಿಯಿಂದ. ಅಲ್ಲಿಯವರೆಗೆ ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಯಾರಾದರೂ ಈ ಸೆನ್ಸರ್ ತಂದು ಹಾಕಿದ್ದರೂ ಅದು ಹೆಚ್ಚು ದಿನ ಬದುಕ್ತಿರಲಿಲ್ಲ.

ಬೈಕಿಗೆ ಫ್ಯುಯೆಲ್ ಇಂಜೆಕ್ಷನ್ ಬಂದ ದಾರಿಯೂ ನೇರವಾಗಿರಲಿಲ್ಲ. 2006ರಲ್ಲಿ ಹೀರೋ ಹೋಂಡಾ ಗ್ಲಾಮರ್ ಎಫ್‌ಐ, 2007ರಲ್ಲಿ ನಮ್ಮ ಪುಣೆಯ ಬಜಾಜ್‌ನಿಂದ ಪಲ್ಸರ್ 220 ಡಿಟಿಎಸ್-ಎಫ್‌ಐ. ಆದರೆ 2009ರಲ್ಲಿ ಅದೇ ಪಲ್ಸರ್ 220 ಮತ್ತೆ ಕಾರ್ಬ್ಯುರೇಟರಿಗೆ ವಾಪಸ್ ಹೋಯ್ತು! ಕಡೆಗೆ ಕಾರ್ಬ್ಯುರೇಟರನ್ನ ಹೊಸ ಬೈಕುಗಳಿಂದ ಓಡಿಸಿದ್ದು 2020ರ ಏಪ್ರಿಲ್ 1ರಂದು ಬಂದ ಬಿಎಸ್-6. ಈಗ ಹೊಸ ಬೈಕುಗಳ ಸೈಲೆನ್ಸರಿನಲ್ಲಿ ಒಂದು ಲ್ಯಾಂಬ್ಡಾ ಸೆನ್ಸರ್ ಕೂತಿದೆ. ಆದರೆ ಅದು ಇಸಿಯುಗೆ ಹೇಳುತ್ತೆ, ನಿಮಗಲ್ಲ.

ಗೇಜ್ ಆರಿಸೋದು, ಕೂರಿಸೋದು

ಈಗ ಕೆಲಸದ ಮಾತು. ಮೊದಲನೆಯದು, ನ್ಯಾರೋಬ್ಯಾಂಡ್ ಗೇಜ್ ತಗೋಬೇಡಿ. ದೀಪಗಳು ಕುಣೀತವೆ, ನೋಡೋಕೆ ಚೆನ್ನ, ಅಷ್ಟೇ. ವೈಡ್‌ಬ್ಯಾಂಡ್ ತಗೊಳ್ಳಿ. ಒಳಗೆ ಬಾಷ್ ಎಲ್‌ಎಸ್‌ಯು 4.9 ಸೆನ್ಸರ್ ಇದ್ದರೆ ಮುಂದೆ ಬದಲಿ ಸಿಗೋದು ಸುಲಭ.

ಎರಡನೆಯದು ಕರೆಂಟು. ಸೆನ್ಸರಿನ ಹೀಟರ್ ಅದನ್ನ 750 ಡಿಗ್ರಿ ಮೀರಿ ಕಾಯಿಸಬೇಕು. ಗೇಜಿಗೆ ಸರಿಯಾದ 12 ವೋಲ್ಟ್ ಬೇಕು, ಬಿಸಿಯಾಗೋವಾಗ ಒಂದೆರಡು ಆಂಪಿಯರ್ ಎಳೆಯುತ್ತೆ. ಹಳೆಯ ಯೆಜ್ಡಿಗಳ 6 ವೋಲ್ಟ್ ವ್ಯವಸ್ಥೆಯಲ್ಲಿ ಇದು ಆಗದ ಮಾತು. ನಾನು ಟ್ಯೂನ್ ಮಾಡೋ ದಿನ ಸೀಟಿನ ಹಿಂದೆ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಕಟ್ಟಿಕೊಳ್ತೀನಿ.

ಮೂರನೆಯದು ಜಾಗ. ಪೈಪಿಗೆ ಎಂ18, 1.5 ಪಿಚ್‌ನ ಬಂಗ್ ವೆಲ್ಡ್ ಮಾಡಿಸಬೇಕು. ಸೆನ್ಸರ್ ಗಡಿಯಾರದ 10ರಿಂದ 2 ಗಂಟೆಯ ನಡುವೆ ಮೇಲ್ಮುಖವಾಗಿ ಕೂರಬೇಕು, ಅಡ್ಡಗೆರೆಗಿಂತ ಕನಿಷ್ಠ 10 ಡಿಗ್ರಿ ಮೇಲೆ. ಯಾಕೆ? ತಣ್ಣಗಿನ ಪೈಪಿನಲ್ಲಿ ನೀರು ಸೇರುತ್ತೆ. ಕೆಂಪಗೆ ಕಾದ ಸೆರಾಮಿಕ್ ಮೇಲೆ ಒಂದು ಹನಿ ಬಿದ್ದರೆ ಬಿರುಕು. ನಾನು ಮೊದಲ ಸಲ ನೋಡೋಕೆ ಕಾಣಬಾರದು ಅಂತ ಪೈಪಿನ ಕೆಳಗೆ ಬಂಗ್ ಹಾಕಿಸಿದ್ದೆ. ಜುಲೈ ತಿಂಗಳ ಪುಣೆ ಮಳೆ, ಒಂದೇ ವಾರದಲ್ಲಿ ಸೆನ್ಸರ್ ಸತ್ತುಹೋಯ್ತು. ತಪ್ಪು ಪೂರ್ತಿ ನನ್ನದೇ. ಗೇಜ್ ಆಫ್ ಮಾಡಿ ಸೆನ್ಸರನ್ನ ಪೈಪಿನಲ್ಲೇ ಬಿಟ್ಟು ಓಡಿಸಬೇಡಿ, ಮಸಿ ಕಟ್ಟುತ್ತೆ. ಕೆಲಸ ಮುಗಿದ ಮೇಲೆ ಸೆನ್ಸರ್ ತೆಗೆದು ಬಂಗಿಗೆ ಬೋಲ್ಟ್ ಹಾಕಿ.

ಪೈಪಿನ ತೆರೆದ ತುದಿಗೆ ಹತ್ತಿರ ಕೂರಿಸಿದರೆ ಹೊರಗಿನ ಗಾಳಿ ಹಿಂದಕ್ಕೆ ಎಳೆದುಕೊಂಡು ಬಂದು ಸುಳ್ಳೇ ‘ಲೀನ್’ ತೋರಿಸುತ್ತೆ. ಜಾಯಿಂಟಿನಲ್ಲಿ ಸೋರಿಕೆ ಇದ್ದರೂ ಹಾಗೇ. ಜಾವಾ-ಯೆಜ್ಡಿಯಲ್ಲಿ ಇನ್ನೊಂದು ತಮಾಷೆ, ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಒಂದು ಪೈಪಿನಲ್ಲಿ ಅಳೆದರೆ ಸಾಕು, ಆದರೆ ಎರಡೂ ಬದಿಯ ನಟ್ಟುಗಳು ಬಿಗಿಯಾಗಿರಬೇಕು.

ಗೇಜ್ ಸುಳ್ಳು ಹೇಳಿದಾಗ

ಹೊಸ ಸೆನ್ಸರನ್ನ ಸರಿಯಾಗಿ ಹಾಕಿದ ಮೇಲೆ ಐಡಲ್‌ನಲ್ಲಿ ಗೇಜ್ 16 ತೋರಿಸ್ತು. ಲೀನ್! ಗಾಬರಿಯಾಗಿ ಪೆಟ್ರೋಲ್ ಹೆಚ್ಚಿಸಿದೆ. 17 ಆಯ್ತು. ಇನ್ನೂ ಹೆಚ್ಚಿಸಿದೆ. ಇನ್ನೂ ಲೀನ್. ಕಡೆಗೆ ಪ್ಲಗ್ ಒದ್ದೆಯಾಗಿ ಬೈಕು ನಿಂತೇ ಹೋಯ್ತು. ಬಿಚ್ಚಿ ನೋಡಿದರೆ ಪ್ಲಗ್ ಮಸಿಗಪ್ಪು. ಅಂದ್ರೆ ಮಿಶ್ರಣ ವಿಪರೀತ ರಿಚ್!

ಏನಾಯ್ತು ಅಂದ್ರೆ, ಸೆನ್ಸರ್ ಪೆಟ್ರೋಲನ್ನ ನೋಡಲ್ಲ, ಉಳಿದ ಆಕ್ಸಿಜನ್ ನೋಡುತ್ತೆ. ಟೂ-ಸ್ಟ್ರೋಕ್ ನಿಧಾನವಾಗಿ ಓಡೋವಾಗ ಒಂದು ಸಲ ಉರಿದು ಒಂದು ಸಲ ಬಿಡುತ್ತೆ. ಉರಿಯದ ಆವೃತ್ತಿಯ ಗಾಳಿಯೆಲ್ಲ ಹಾಗೇ ಹೊರಗೆ ಬರುತ್ತೆ. ಸೆನ್ಸರ್ ಅಷ್ಟು ಆಕ್ಸಿಜನ್ ನೋಡಿ ‘ಲೀನ್’ ಅಂತ ಕೂಗುತ್ತೆ. ಅಮೀಲಿಯಾ ಕಾಲದ ಮುಳ್ಳು ತಪ್ಪು ದಿಕ್ಕಿಗೆ ತಿರುಗ್ತಿತ್ತು ಅಂದ್ನಲ್ಲ, ಅದೇ ಕಥೆ ಬೇರೆ ರೂಪದಲ್ಲಿ. ಆದ್ದರಿಂದ ಟೂ-ಸ್ಟ್ರೋಕಿನಲ್ಲಿ ಐಡಲ್‌ನ ಸಂಖ್ಯೆಯನ್ನ ಮರೆತುಬಿಡಿ. ಲೋಡ್ ಇರುವಾಗ, ಎಂಜಿನ್ ಒಂದೇ ಸಮ ಉರಿಯುವಾಗ ಮಾತ್ರ ನೋಡಿ, ಅದನ್ನೂ ಹೋಲಿಕೆಗೆ ಮಾತ್ರ ಬಳಸಿ. ಕೊನೆಯ ತೀರ್ಪು ಪ್ಲಗ್ಗಿನದ್ದೇ. ಫೋರ್-ಸ್ಟ್ರೋಕಿನವರಿಗೆ ಗೇಜನ್ನ ಹೆಚ್ಚು ನಂಬಬಹುದು, ಆದರೆ ಮಿಸ್‌ಫೈರ್ ಇದ್ದರೆ ಅಲ್ಲೂ ಇದೇ ಸುಳ್ಳು.

ಇವತ್ತು ಇದು ಯಾಕೆ ಬೇಕು

ಕಡೆಯ ಮಾತು, ಬಹುಶಃ ಮುಖ್ಯವಾದದ್ದು. 2022ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ 10 ಪ್ರತಿಶತ ಎಥನಾಲ್ ಇತ್ತು, 2025ರಲ್ಲಿ 20 ಪ್ರತಿಶತ. ಎಥನಾಲ್‌ಗೆ ಉರಿಯೋಕೆ ಬೇಕಾದ ಗಾಳಿ ಬರೀ 9 ಪಾಲು. ಹಾಗಾಗಿ ಇ20ಕ್ಕೆ ಸರಿಯಾದ ಅನುಪಾತ 14.7 ಅಲ್ಲ, ಸುಮಾರು 13.5. ಇಂಜೆಕ್ಷನ್ ಬೈಕು ಸೆನ್ಸರ್ ನೋಡಿ ತಕ್ಕಮಟ್ಟಿಗೆ ಸರಿಪಡಿಸಿಕೊಳ್ಳುತ್ತೆ. ಆದರೆ ಕಾರ್ಬ್ಯುರೇಟರಿನ ಹಿತ್ತಾಳೆ ತೂತಿಗೆ ಇದು ಹೇಗೆ ಗೊತ್ತಾಗಬೇಕು? ಬರೀ ಪೆಟ್ರೋಲಿಗೆ ಜೆಟ್ ಮಾಡಿದ ಹಳೆಯ ಬೈಕು ಇ20ರಲ್ಲಿ ಸುಮಾರು 8 ಪ್ರತಿಶತ ಲೀನ್ ಓಡುತ್ತೆ. ಯಾರೂ ಏನೂ ಮುಟ್ಟಿಲ್ಲ, ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ್ದೀರಿ ಅಷ್ಟೇ.

ಗೇಜಿನಲ್ಲಿ ಇದು ಕಾಣುತ್ತೆ, ಆದರೆ ಓದೋದು ಗೊತ್ತಿರಬೇಕು. ಗೇಜ್ ಒಳಗೊಳಗೆ ಅಳೆಯೋದು ಲ್ಯಾಂಬ್ಡಾ, ಅದನ್ನ 14.7ರಿಂದ ಗುಣಿಸಿ ತೋರಿಸುತ್ತೆ. ಇ20 ಹಾಕಿದರೂ ಅದರ 14.7 ಅಂದ್ರೆ ಲ್ಯಾಂಬ್ಡಾ 1 ಅಂತಾನೇ ಅರ್ಥ. ಹಾಗಾಗಿ 13.5ಕ್ಕೆ ಹೊಸ ಗುರಿ ಹಾಕಿಕೊಳ್ಳೋ ಲೆಕ್ಕ ಮಾಡೋಕೆ ಹೋಗಬೇಡಿ, ಹಳೆಯ ಗುರಿಯೇ ಇರಲಿ. ಮೊದಲು 13.0 ತೋರಿಸ್ತಿದ್ದ ಬೈಕು ಇ20ರಲ್ಲಿ 14ರ ಹತ್ತಿರ ತೋರಿಸುತ್ತೆ. ಅದನ್ನ ವಾಪಸ್ 13ಕ್ಕೆ ತನ್ನಿ. ಜೆಟ್ಟಿನ ತೂತಿನ ಅಗಲದಲ್ಲಿ ಇದು ಸುಮಾರು 4 ಪ್ರತಿಶತ, 1.00 ಮಿಲಿಮೀಟರ್ ಇದ್ದದ್ದು 1.04. ಇನ್ನೂ ಸರಳ ದಾರಿ ಬೇಕಿದ್ದರೆ ಗೇಜನ್ನ ಲ್ಯಾಂಬ್ಡಾ ತೋರಿಸೋ ಹಾಗೆ ಸೆಟ್ ಮಾಡಿ, ಇಂಧನ ಯಾವುದಾದರೂ ಗೊಂದಲ ಇಲ್ಲ.

ನಮ್ಮ ತಂದೆಗೆ ಈ ಯಾವ ಲೆಕ್ಕವೂ ಬೇಕಿರಲಿಲ್ಲ. ಮೈಸೂರಿನಲ್ಲಿ ಅವರ ಮೆಕ್ಯಾನಿಕ್ ಒಬ್ಬರಿದ್ದರು, ಪ್ಲಗ್ಗನ್ನ ಬೆಳಕಿಗೆ ಹಿಡಿದು ‘ಇನ್ನೊಂದ್ ಸಾವಿರ ಓಡ್ಸಿ ಸಾರ್’ ಅಂತಿದ್ದರಂತೆ. ಅವರು ಈಗಿಲ್ಲ. ಪೆಟ್ರೋಲೂ ಅವರ ಕಾಲದ್ದಲ್ಲ. ನನ್ನ ಹತ್ತಿರ ಅವರ ಕಣ್ಣಿಲ್ಲ, ಅದಕ್ಕೇ ಗೇಜ್. ಆದರೆ ಗೇಜ್ ಸುಳ್ಳು ಹೇಳ್ತಿದೆ ಅಂತ ನನಗೆ ಗೊತ್ತಾಗಿದ್ದು ಅವರು ನೋಡ್ತಿದ್ದ ಹಾಗೆ ಪ್ಲಗ್ ಬಿಚ್ಚಿ ನೋಡಿದಾಗಲೇ.

ನಿಮ್ಮ ಮನೆಯಲ್ಲೂ ಒಂದು ಹಳೆಯ ಕಾರ್ಬ್ಯುರೇಟರ್ ಬೈಕ್ ಇದ್ದರೆ, ಗೇಜ್ ಕೊಳ್ಳೋದು ಆಮೇಲಾಗಲಿ. ಈ ಭಾನುವಾರ ಒಂದು ಪ್ಲಗ್ ಸ್ಪ್ಯಾನರ್ ತಗೊಂಡು ಪ್ಲಗ್ ಬಿಚ್ಚಿ ಬಣ್ಣ ನೋಡಿ. ಸುಣ್ಣದ ಹಾಗಿದ್ದರೆ ಹೈವೇಗೆ ತಗೊಂಡು ಹೋಗಬೇಡಿ. ಮುಂದಿನ ಮಾತಿನಲ್ಲಿ ಜೆಟ್ಟುಗಳ ಸಂಖ್ಯೆಯ ಬಗ್ಗೆ ಮಾತಾಡೋಣ.